ಏಳೂವರೆ ಲಕ್ಷ ಕೊಟ್ಟು ಮಗಳಿಗೆ ನರ್ಸಿಂಗ್ ಓದಿಸಬೇಕೇ?

ಪ್ರಶ್ನೆ: ನಾವು ಬೆಂಗಳೂರಿನ ಲಗ್ಗೆರೆಯಲ್ಲಿದ್ದೇವೆ. ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಮಗಳು ಈ ವರ್ಷ ವಿಜ್ಞಾನದಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಶೇ 71 ಅಂಕ ಪಡೆದಿದ್ದಾಳೆ. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಸಿಇಟಿ ಬರೆದು ನರ್ಸಿಂಗ್ ರ್‍ಯಾಂಕ್ ಕೂಡ ಬಂದಿದೆ. ಆದರೆ ಪರಿಚಯದ ಏಜೆಂಟರೊಬ್ಬರು ‘ಆ ರ್‍ಯಾಂಕಿಗೆ ಏನೂ ಸಿಗುವುದಿಲ್ಲ’ ಎಂದು ಹೇಳಿ ಊರ ಹೊರಗಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾತನಾಡಿದ್ದಾರೆ. ವರ್ಷಕ್ಕೆ 1.6 ಲಕ್ಷ ಶುಲ್ಕ. ಬಸ್ಸು, ಸಮವಸ್ತ್ರ, ಪುಸ್ತಕ, ಪರೀಕ್ಷೆ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಏಳೂವರೆ ಲಕ್ಷವಾಗುತ್ತದಂತೆ. ಈ ವಾರದೊಳಗೆ 25 ಸಾವಿರ ಮುಂಗಡ ಕೇಳುತ್ತಿದ್ದಾರೆ. ಸಾಲ ಮಾಡಬೇಕು, ಇಲ್ಲವೇ ಕುಣಿಗಲ್ ಹತ್ತಿರದ ಜಮೀನು ಮಾರಬೇಕು. ನನ್ನ ನಾದಿನಿಯ ಮಗಳು ಇದೇ ಓದು ಮುಗಿಸಿ ಎರಡು ವರ್ಷವಾಯಿತು, ಅವಳ ಕೈಗೆ ಬರುವುದು 18 ಸಾವಿರ. ಹಾಕಿದ ದುಡ್ಡು ಹುಟ್ಟುತ್ತದೆಯೇ? ಮಗಳು ಮಾತ್ರ ನರ್ಸಿಂಗ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅಜ್ಜಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿದ್ದಾಗ ಹನ್ನೆರಡು ದಿನ ಅವಳೇ ಪಕ್ಕದಲ್ಲಿದ್ದು ನೋಡಿಕೊಂಡಿದ್ದಳು.

ಉತ್ತರ: ಮೊದಲು ಒಂದು ಮಾತು ತಾಯಿ, ಆ 25 ಸಾವಿರವನ್ನು ಈ ವಾರ ಕೊಡಬೇಡಿ. ಯಾಕೆ ಎಂಬುದನ್ನು ಮುಂದೆ ವಿವರವಾಗಿಯೇ ಹೇಳುತ್ತೇನೆ. ನಾನು ಮೂವತ್ತಮೂರು ವರ್ಷ ಈ ವೃತ್ತಿಯಲ್ಲಿದ್ದವಳು. ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿ ಶುಶ್ರೂಷಾ ಅಧೀಕ್ಷಕಿಯಾಗಿ ನಿವೃತ್ತಳಾದೆ. ನಡುವೆ ಒಂಬತ್ತು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದೆ. ಈ ಓದಿನ ಬಗ್ಗೆ ನನಗೆ ಅಭಿಮಾನವಿದೆ. ಆದ್ದರಿಂದಲೇ ಯಾರಾದರೂ ಅದಕ್ಕೆ ಇಲ್ಲದ ಬೆಲೆ ಕಟ್ಟಿ ನಿಮ್ಮಂಥವರ ಜಮೀನಿಗೆ ಕೈಹಾಕಿದರೆ ಸಂಕಟವಾಗುತ್ತದೆ.

ಬಿ.ಎಸ್‌ಸಿ. ನರ್ಸಿಂಗ್ ಪದವಿ ದುಡ್ಡು ಹುಟ್ಟಿಸುತ್ತದೆಯೇ ಎಂದು ಕೇಳಿದ್ದೀರಿ. ಹುಟ್ಟಿಸುತ್ತದೆ. ಆದರೆ ಅದನ್ನು ಎಷ್ಟಕ್ಕೆ ಕೊಂಡಿರಿ, ಯಾವ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತಿರಿ ಎಂಬ ಎರಡರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹತ್ತು ಸಾವಿರದ ಸೀಟಿನಲ್ಲಿ ಓದಿದವಳಿಗೂ ಒಂದೂವರೆ ಲಕ್ಷದ ಸೀಟಿನಲ್ಲಿ ಓದಿದವಳಿಗೂ ಪದವಿ ಕೊಡುವುದು ಅದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ನೋಂದಣಿ ಮಾಡುವುದು ಅದೇ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು. ನೀವು ಎಷ್ಟು ಕಟ್ಟಿದ್ದಿರಿ ಎಂದು ಕೆಲಸ ಕೊಡುವವರು ಯಾರೂ ಕೇಳುವುದಿಲ್ಲ.

ಈಗ ಶುಲ್ಕದ ವಿಷಯ. ಖಾಸಗಿ ನರ್ಸಿಂಗ್ ಕಾಲೇಜುಗಳಿಗೆ ರಾಜ್ಯ ಸರ್ಕಾರ ಶುಲ್ಕ ನಿಗದಿ ಮಾಡಿದೆ. ಸಿಇಟಿ ರ್‍ಯಾಂಕಿನ ಮೇಲೆ ಹಂಚುವ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ 10,000 ರೂಪಾಯಿ. ಆಡಳಿತ ಮಂಡಳಿ ಕೋಟಾದಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 1 ಲಕ್ಷ, ಹೊರ ರಾಜ್ಯದವರಿಗೆ 1.4 ಲಕ್ಷ. ನಿಮ್ಮಿಂದ ಕೇಳುತ್ತಿರುವುದು 1.6 ಲಕ್ಷ, ಅಂದರೆ ಹೊರಗಿನಿಂದ ಬಂದವರಿಗೆ ಹಾಕಿದ ಮಿತಿಗಿಂತಲೂ ಹೆಚ್ಚು. ಕೊಡುವ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿನಲ್ಲೇ ರಸೀದಿ ಬೇಕು ಎಂದು ಆ ಏಜೆಂಟರಿಗೆ ಹೇಳಿ ನೋಡಿ. ಒಂದು ಲಕ್ಷದ ಮೇಲಿನ ಆ ಅರವತ್ತು ಸಾವಿರಕ್ಕೆ ಯಾವ ಹೆಸರಿನ ರಸೀದಿ ಬರುತ್ತದೆ ಎಂದು ಅಲ್ಲೇ ತಿಳಿಯುತ್ತದೆ.

ಇದನ್ನು ನಾಲ್ಕು ವರ್ಷಕ್ಕೆ ಹರಡಿ ನೋಡೋಣ. ನಿಮ್ಮ ಲೆಕ್ಕದಲ್ಲಿ ಶುಲ್ಕ 6.4 ಲಕ್ಷ, ಮಿಕ್ಕ ಖರ್ಚು 1.1 ಲಕ್ಷ, ಒಟ್ಟು ಏಳೂವರೆ. ಅದೇ ಮಗಳು ಸರ್ಕಾರಿ ಕೋಟಾದಲ್ಲಿ ಸೇರಿದರೆ ಶುಲ್ಕ 40 ಸಾವಿರ, ಮಿಕ್ಕದ್ದು ಅದೇ 1.1 ಲಕ್ಷ. ಒಟ್ಟು ಒಂದೂವರೆ ಲಕ್ಷ. ವ್ಯತ್ಯಾಸ ಆರು ಲಕ್ಷ. ಕೆಲಸಕ್ಕೆ ಸೇರಿದ ಹುಡುಗಿ ತಿಂಗಳಿಗೆ ಎಂಟು ಸಾವಿರ ಉಳಿಸಿದರೂ ಈ ಆರು ಲಕ್ಷ ಕೂಡಿಸಲು ಎಪ್ಪತ್ತೈದು ತಿಂಗಳು ಬೇಕು, ಆರು ವರ್ಷಕ್ಕೂ ಮಿಕ್ಕಿ. ಅದೇ ಪದವಿಗೆ ಅಷ್ಟು ವರ್ಷ ದಂಡ ಕಟ್ಟಿದಂತೆ.

‘ಆ ರ್‍ಯಾಂಕಿಗೆ ಏನೂ ಸಿಗುವುದಿಲ್ಲ’ ಎಂದ ಏಜೆಂಟರ ಮಾತನ್ನು ನಂಬಬೇಡಿ. ಸೀಟು ಸಿಗುತ್ತದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ. ದಾಖಲೆ ಪರಿಶೀಲನೆ ಮುಗಿಸಿ, ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವಾಗ, ಸರ್ಕಾರಿ ಕಾಲೇಜುಗಳನ್ನೂ ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟುಗಳನ್ನೂ ಎಷ್ಟು ಸಾಧ್ಯವೋ ಅಷ್ಟು ಸೇರಿಸಿ. ಬೆಂಗಳೂರು ಮಾತ್ರ ಎಂದು ಹಟ ಹಿಡಿಯಬೇಡಿ. ತುಮಕೂರು, ಹಾಸನ, ಮಂಡ್ಯ, ಮೈಸೂರು ಎಲ್ಲವನ್ನೂ ಹಾಕಿ. ಜಿಲ್ಲಾ ಆಸ್ಪತ್ರೆಯಲ್ಲಿ ಕಲಿತ ಮಕ್ಕಳ ಕೈ ಚುರುಕಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಣಕು ಸೀಟು ಹಂಚಿಕೆಯ ಫಲಿತಾಂಶ ನೋಡಿ ಗಾಬರಿಯಾಗಬೇಡಿ. ಅದರ ನಂತರವೂ ಆಯ್ಕೆಗಳ ಕ್ರಮ ಬದಲಿಸಲು ಅವಕಾಶ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ ಸಿಗದಿದ್ದರೆ ಮುಂದಿನ ಸುತ್ತಿಗೆ ಕಾಯಿರಿ. ಮಗಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ್ದಾಳೆ ಎಂದಿರಿ. ಸಿಇಟಿ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5ರ ಮೀಸಲಾತಿ ಇದೆ. ಅದಕ್ಕೆ ಶಾಲೆಯಿಂದ ಪ್ರಮಾಣಪತ್ರ ಬೇಕು. ಅರ್ಜಿಯಲ್ಲಿ ಅದನ್ನು ನಮೂದಿಸಿದ್ದೀರೋ ಇಲ್ಲವೋ ಇವತ್ತೇ ನೋಡಿ. ಪ್ರಾಧಿಕಾರದ ಕಚೇರಿ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿದೆ, ನಿಮ್ಮ ಮನೆಯಿಂದ ದೂರವೇನಲ್ಲ. ಯಜಮಾನರ ಒಂದು ದಿನದ ಬಾಡಿಗೆ ಹೋದರೂ ಪರವಾಗಿಲ್ಲ, ಮಗಳನ್ನು ಕರೆದುಕೊಂಡು ನೀವೇ ಹೋಗಿ ಕೇಳಿ.

ಅಜ್ಜಿ ಇದ್ದ ವಿಕ್ಟೋರಿಯಾಕ್ಕೆ ಹತ್ತಿರದಲ್ಲೇ ಕೋಟೆಯಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜು ಇದೆ. ನಿಮ್ಹಾನ್ಸ್‌ನಲ್ಲೂ ಬಿ.ಎಸ್‌ಸಿ. ನರ್ಸಿಂಗ್ ಇದೆ, ಅದರ ಪ್ರವೇಶ ಪ್ರಕ್ರಿಯೆ ಬೇರೆ. ಇಂಥ ಕಡೆ ಪೈಪೋಟಿ ಬಿರುಸು. ಆದರೂ ಬರೆಯದೆ ಬಿಡುವುದು ತಪ್ಪು.

ಎಲ್ಲ ಸುತ್ತು ಮುಗಿದೂ ಸರ್ಕಾರಿ ಕೋಟಾ ಸಿಗಲಿಲ್ಲ ಎನ್ನಿ. ಆಗ ಆಡಳಿತ ಮಂಡಳಿ ಸೀಟು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಒಂದು ಲಕ್ಷದ ಮಿತಿಯೊಳಗೆ, ನೇರವಾಗಿ ಕಾಲೇಜಿನಲ್ಲೇ ಕಟ್ಟಿ, ಒಳ್ಳೆಯ ಆಸ್ಪತ್ರೆಯಿರುವ ಕಡೆ ಸಿಕ್ಕರೆ ಯೋಚಿಸಬಹುದು. ಆದರೆ ಜಮೀನು ಮಾರಿ ಅಲ್ಲ. ಮತ್ತೆ ಅಂಥ ಜಮೀನು ಕೊಳ್ಳಲು ನರ್ಸ್ ಸಂಬಳದಲ್ಲಿ ಆಗುವುದಿಲ್ಲ, ಇದನ್ನು ಖಚಿತವಾಗಿ ಹೇಳಬಲ್ಲೆ.

ಸಾಲದ ಲೆಕ್ಕವನ್ನು ನಿಮ್ಮ ಮುಂದೆಯೇ ಬಿಡಿಸಿಡುತ್ತೇನೆ, ಏಕೆಂದರೆ ಬ್ಯಾಂಕಿನಲ್ಲಿ ಯಾರೂ ಇಷ್ಟು ಹೊತ್ತು ಕೂತು ಹೇಳುವುದಿಲ್ಲ. ಶೈಕ್ಷಣಿಕ ಸಾಲ 4 ಲಕ್ಷದವರೆಗೆ ನಿಮ್ಮ ಪಾಲಿನ ಹಣವನ್ನೂ ಅಡಮಾನವನ್ನೂ ಕೇಳುವುದಿಲ್ಲ. ಏಳೂವರೆ ಲಕ್ಷದವರೆಗೂ ಸರ್ಕಾರದ ಖಾತರಿ ನಿಧಿ ಇರುವುದರಿಂದ ಆಸ್ತಿ ಅಡವಿಡಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ 1.6 ಲಕ್ಷದಂತೆ ನಾಲ್ಕು ವರ್ಷ ಪಡೆದರೆ, ಕಂತು ಆರಂಭವಾಗುವ ದಿನ ಸರಳ ಬಡ್ಡಿಯೇ 2.24 ಲಕ್ಷವಾಗಿ, ಬಾಕಿ 8.64 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 11,400 ರೂಪಾಯಿ ಕಟ್ಟಬೇಕು. ಕಂತು ಭಾರವಾಯಿತೆಂದು ಹದಿನೈದು ವರ್ಷಕ್ಕೆ ಎಳೆದರೆ ತಿಂಗಳಿಗೆ 9,300ರ ಹತ್ತಿರ. ಆದರೆ ಕೊನೆಗೆ ಒಟ್ಟು ಕಟ್ಟಿದ್ದು 16 ಲಕ್ಷ ಮೀರುತ್ತದೆ. ವರ್ಷಕ್ಕೆ ಒಂದು ಲಕ್ಷದ ಸೀಟಾದರೆ ಬಾಕಿ 5.4 ಲಕ್ಷ, ಹತ್ತು ವರ್ಷದ ಕಂತು ಸುಮಾರು 7,100. ಇದು ಕಷ್ಟ, ಆದರೂ ಹೊರಬಹುದಾದ ಕಷ್ಟ. ಓದುವಾಗಲೇ ನೀವು ತಿಂಗಳಿಗೆ ಸಾವಿರ ಎರಡು ಸಾವಿರವಾದರೂ ಬಡ್ಡಿ ಕಟ್ಟುತ್ತಾ ಬಂದರೆ ಆ ಬೆಟ್ಟ ಬೆಳೆಯುವುದಿಲ್ಲ. ಆಡಳಿತ ಮಂಡಳಿ ಕೋಟಾದ ಸೀಟು ಎಂದರೆ ಕೆಲವು ಬ್ಯಾಂಕುಗಳು ಹಿಂದೆ ಸರಿಯುತ್ತವೆ. ಆದ್ದರಿಂದ ಸಾಲ ಮಂಜೂರಾಗುವ ಮೊದಲು ಕಾಲೇಜಿಗೆ ಹಣ ಕಟ್ಟಬೇಡಿ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲಿ ‘ಅರಿವು’ ಶೈಕ್ಷಣಿಕ ಸಾಲವಿದೆ, ಬಡ್ಡಿ ಬಹಳ ಕಡಿಮೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲೂ ಅರ್ಜಿ ಹಾಕಿ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ನಾದಿನಿಯ ಮಗಳ 18 ಸಾವಿರ. ಅವಳು ಸುಳ್ಳು ಹೇಳುತ್ತಿಲ್ಲ. ನನ್ನ ಬಳಿ ಓದಿದ ಹುಡುಗಿಯೊಬ್ಬಳು ಹೋದ ವರ್ಷ ಮನೆಗೆ ಬಂದಾಗ ತನ್ನ ಮೊದಲ ಸಂಬಳದ ಚೀಟಿಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಬಂದಿದ್ದಳು. ಮೇಜಿನ ಮೇಲೆ ಬಿಡಿಸಿ ಇಬ್ಬರೂ ಓದಿದೆವು. ಒಟ್ಟು 20,000. ಅದರಲ್ಲಿ ಮೂಲ ವೇತನ 12,000. ಭವಿಷ್ಯನಿಧಿಗೆ ಶೇ 12ರಂತೆ 1,440 ಕಡಿತ. ಇಎಸ್‌ಐಗೆ ಶೇ 0.75ರಂತೆ 150. ಕೈಗೆ ಬಂದದ್ದು 18,410. ಅವಳು ಹಾಸನ ಕಡೆಯವಳು, ಪಿಜಿಯಲ್ಲಿದ್ದಳು. ಊಟ, ವಸತಿ ಕಳೆದು ಮನೆಗೆ ಕಳಿಸಲು ಉಳಿಯುತ್ತಿದ್ದುದು ಅಷ್ಟರಲ್ಲೇ. 11,400ರ ಕಂತು ಅವಳ ಮೇಲಿದ್ದಿದ್ದರೆ ಉಳಿಯುತ್ತಿದ್ದುದು ಏಳು ಸಾವಿರ. ಆ ಏಳು ಸಾವಿರದಲ್ಲಿ ಈ ಊರಿನಲ್ಲಿ ಒಬ್ಬಳು ಊಟ ಮಾಡಿ, ಬಾಡಿಗೆ ಕೊಟ್ಟು ಇರಲು ಆಗುವುದಿಲ್ಲ. ನಿಮ್ಮ ಮಗಳಿಗೆ ಇರುವ ದೊಡ್ಡ ಅನುಕೂಲ ಇದೇ, ಮನೆ ಇಲ್ಲೇ ಇದೆ. ಇದನ್ನು ಸಣ್ಣದೆಂದು ಎಣಿಸಬೇಡಿ.

ಸಂಬಳ ಯಾಕಿಷ್ಟು ಕಡಿಮೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿ ನೋಡಿ ಸಮಿತಿ ರಚಿಸಲು ಕೇಂದ್ರಕ್ಕೆ ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ 20 ಸಾವಿರಕ್ಕಿಂತ ಕಡಿಮೆ ಕೊಡಕೂಡದು ಎಂದು ಆ ಸಮಿತಿ ಶಿಫಾರಸು ಮಾಡಿತು. ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿತ್ತು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದು ಹೋರಾಡಿದರು, 2018ರಲ್ಲಿ ಅಲ್ಲಿ ಕನಿಷ್ಠ ವೇತನ 20 ಸಾವಿರಕ್ಕೆ ಏರಿತು. ಬೆಂಗಳೂರಿನಲ್ಲಿ ಇವತ್ತಿಗೂ ಸಣ್ಣ ನರ್ಸಿಂಗ್ ಹೋಮ್‌ಗಳು ಹದಿನೈದು ಹದಿನಾರು ಸಾವಿರಕ್ಕೆ ಹುಡುಗಿಯರನ್ನು ಇಟ್ಟುಕೊಳ್ಳುವುದನ್ನು ನಾನು ನೋಡುತ್ತಲೇ ಇದ್ದೇನೆ. ಇದು ಅನ್ಯಾಯ. ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕಿಕೊಂಡ ರೋಗಿಯ ತಲೆ ಎತ್ತಿ ಹಿಡಿದು, ಆಮ್ಲಜನಕ ಹಚ್ಚಿ, ವೈದ್ಯರು ಬರುವವರೆಗೆ ಜೀವ ಹಿಡಿದಿಟ್ಟವಳಿಗೆ ಕೊಡುವ ಬೆಲೆ ಇದಲ್ಲ.

ಆದರೆ ಈ ವೃತ್ತಿಯ ಸಂಬಳವನ್ನು ಮೊದಲ ಎರಡು ವರ್ಷದಿಂದ ಅಳೆಯಬಾರದು. ಆ ಎರಡು ವರ್ಷವನ್ನು ಓದಿನ ಮುಂದುವರಿಕೆ ಎಂದೇ ಲೆಕ್ಕ ಹಾಕಿ. ಸಾಮಾನ್ಯ ವಾರ್ಡಿನಲ್ಲೇ ಕೂತವಳ ಸಂಬಳ ನಿಧಾನವಾಗಿ ತೆವಳುತ್ತದೆ. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ಹೃದ್ರೋಗ ವಿಭಾಗ, ನವಜಾತ ಶಿಶು ಘಟಕ, ಇಂಥ ಯಾವುದಾದರೂ ಒಂದರಲ್ಲಿ ಎರಡು ಮೂರು ವರ್ಷ ಕೈ ಪಳಗಿದವಳನ್ನು ಆಸ್ಪತ್ರೆಗಳೇ ಹುಡುಕಿಕೊಂಡು ಬರುತ್ತವೆ. ನಾದಿನಿಯ ಮಗಳಿಗೆ ನನ್ನ ಪರವಾಗಿ ಇದನ್ನು ಹೇಳಿ: ಈಗಿರುವ ಕಡೆ ನಿಗಾ ಘಟಕಕ್ಕೆ ಹಾಕುವಂತೆ ಕೇಳಲಿ. ಕೊಡದಿದ್ದರೆ ಅನುಭವ ಪತ್ರ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಲಿ. ಸೇರುವಾಗ ಎಲ್ಲಿಯೂ ಮೂಲ ಅಂಕಪಟ್ಟಿ ಒತ್ತೆ ಇಡಬಾರದು. ಪ್ರತಿ ಕೊಟ್ಟು ಮೂಲ ತೋರಿಸಿ ವಾಪಸ್ ತರಬೇಕು. ಎರಡು ವರ್ಷ ಬಿಡುವಂತಿಲ್ಲ ಎಂದು ಬಾಂಡ್ ಬರೆಸಿಕೊಂಡು, ಬಿಟ್ಟರೆ ಲಕ್ಷ ಕೊಡು ಎಂದು ಅಂಕಪಟ್ಟಿ ಹಿಡಿದಿಟ್ಟ ಕಡೆ ನನ್ನ ವಿದ್ಯಾರ್ಥಿನಿಯೊಬ್ಬಳು ಹನ್ನೊಂದು ತಿಂಗಳು ಅಲೆದಳು. ಅಷ್ಟರಲ್ಲಿ ಅವಳ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಕಳೆದುಹೋಗಿತ್ತು.

ಸರ್ಕಾರಿ ಕೆಲಸವೆಂದರೆ ಲೆಕ್ಕವೇ ಬೇರೆ. ಏಮ್ಸ್ ಸಂಸ್ಥೆಗಳಿಗೆ ನಾರ್ಸೆಟ್ ಎಂಬ ಪರೀಕ್ಷೆ ನಡೆಯುತ್ತದೆ. ಅಲ್ಲಿ ನರ್ಸಿಂಗ್ ಆಫೀಸರ್ ಹುದ್ದೆ 7ನೇ ವೇತನ ಶ್ರೇಣಿಯದು, ಆರಂಭದ ಮೂಲ ವೇತನವೇ 44,900. ತುಟ್ಟಿಭತ್ಯೆ, ಬೆಂಗಳೂರಿನಂಥ ದೊಡ್ಡ ನಗರದ ಶೇ 30ರ ಮನೆ ಬಾಡಿಗೆ ಭತ್ಯೆ ಸೇರಿದರೆ ಕಡಿತಕ್ಕೆ ಮುಂಚೆ 80 ಸಾವಿರ ದಾಟುತ್ತದೆ. ನಿಮ್ಹಾನ್ಸ್, ಇಎಸ್‌ಐ ನಿಗಮದ ಆಸ್ಪತ್ರೆಗಳು, ರೈಲ್ವೆ ಆಸ್ಪತ್ರೆಗಳು ಇವೆಲ್ಲ ಕೇಂದ್ರದ ವೇತನದವೇ. ನಾರ್ಸೆಟ್‌ಗೆ ಸಾಮಾನ್ಯ ವರ್ಗದ ವಯೋಮಿತಿ 30. ನಿಮ್ಮ ಮಗಳು ಇಪ್ಪತ್ತೆರಡಕ್ಕೆ ಪದವಿ ಮುಗಿಸಿದರೆ ಎಂಟು ವರ್ಷ ಬರೆಯಬಹುದು. ಬಿ.ಎಸ್‌ಸಿ. ಆದವರಿಗೆ ಅನುಭವದ ಷರತ್ತಿಲ್ಲ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿದವರಿಗೆ ಎರಡು ವರ್ಷದ ಅನುಭವ ಬೇಕು. ಬಿ.ಎಸ್‌ಸಿ. ಪದವಿಗೆ ಹೆಚ್ಚಿನ ದುಡ್ಡು ಕೊಡಬಹುದಾದ ನಿಜವಾದ ಕಾರಣವೆಂದರೆ ನನ್ನ ದೃಷ್ಟಿಯಲ್ಲಿ ಇದು. ಹುದ್ದೆಗಳಿಗಿಂತ ಬರೆಯುವವರು ಬಹಳ ಹೆಚ್ಚು, ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಸಾಲದ ಲೆಕ್ಕವನ್ನು ಈ 80 ಸಾವಿರ ನಂಬಿ ಹಾಕಬೇಡಿ, 18 ಸಾವಿರದ ಮೇಲೆಯೇ ಹಾಕಿ. ಆದರೆ ಓದಿನ ಮೂರನೆಯ ವರ್ಷದಿಂದಲೇ ತಯಾರಿಯನ್ನು 80 ಸಾವಿರಕ್ಕೆ ಮಾಡಿಸಿ. ನಮ್ಮ ಕನ್ನಡದ ಹುಡುಗಿಯರು ಇಂಥ ಪರೀಕ್ಷೆಗಳ ಗೊಡವೆಗೇ ಹೋಗದೆ ಇರುವುದು ನನಗೆ ಬಹಳ ದಿನಗಳ ಕೊರಗು.

ಜಿಎನ್‌ಎಂ ಬಗ್ಗೆ ಎರಡು ಮಾತು. ಅದು ಮೂರು ವರ್ಷದ ಡಿಪ್ಲೊಮಾ, ಒಂದು ವರ್ಷ ಮೊದಲೇ ಕೆಲಸಕ್ಕೆ ಸೇರಬಹುದು. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡಿ ಪದವಿಯೂ ಪಡೆಯಬಹುದು. ಕೈಯಲ್ಲಿ ದುಡ್ಡಿಲ್ಲದ, ಸಿಇಟಿ ಸೀಟೂ ಸಿಗದ ಮನೆಗೆ ಇದು ಗೌರವದ ದಾರಿ. ನನ್ನ ತಲೆಮಾರಿನ ಅತ್ಯುತ್ತಮ ನರ್ಸುಗಳಲ್ಲಿ ಬಹುಪಾಲು ಜನ ಈ ದಾರಿಯಲ್ಲೇ ಬಂದವರು. ಆದರೆ ನಿಮ್ಮ ಮಗಳ ಬಳಿ ವಿಜ್ಞಾನದ ಅಂಕವೂ ಇದೆ, ರ್‍ಯಾಂಕೂ ಇದೆ. ಮೊದಲು ಪದವಿಗೇ ಪ್ರಯತ್ನಿಸಲಿ.

ಹೊರದೇಶದ ಆಸೆಯನ್ನು ಏಜೆಂಟರು ಇನ್ನೂ ತೋರಿಸಿಲ್ಲವೆಂದರೆ ನನಗೆ ಆಶ್ಚರ್ಯ. ಜರ್ಮನಿ, ಇಂಗ್ಲೆಂಡ್, ದುಬೈ ಎಲ್ಲ ನಿಜವೇ. ನನ್ನ ವಿದ್ಯಾರ್ಥಿಗಳು ಎಲ್ಲ ಕಡೆಯೂ ಇದ್ದಾರೆ. ಆದರೆ ಅದು ಪದವಿಯ ಜೊತೆಗೆ ಉಚಿತವಾಗಿ ಬರುವುದಲ್ಲ. ಕೊಲ್ಲಿ ದೇಶಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಅನುಭವವನ್ನೂ ಪರವಾನಗಿ ಪರೀಕ್ಷೆಯನ್ನೂ ಕೇಳುತ್ತಾರೆ. ಇಂಗ್ಲೆಂಡಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಅವರ ನರ್ಸಿಂಗ್ ಮಂಡಳಿಯ ಎರಡು ಹಂತದ ಪರೀಕ್ಷೆ ಇದೆ. ಈಚೆಗೆ ಅಲ್ಲಿ ಹೊರಗಿನವರನ್ನು ತೆಗೆದುಕೊಳ್ಳುವುದೂ ತುಂಬಾ ಇಳಿದಿದೆ. ಜರ್ಮನಿಯಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಜರ್ಮನ್ ಭಾಷೆಯಲ್ಲಿ ಬಿ2 ಹಂತ ಮುಟ್ಟಬೇಕು. ಅಂದರೆ ರೋಗಿ ನೋವನ್ನು ಹೇಳಿಕೊಂಡಾಗ ಅರ್ಥವಾಗಿ, ಕೇಸ್ ಶೀಟಿನಲ್ಲಿ ಬರೆಯಲು ಬರಬೇಕು. ಅದಕ್ಕೆ ವರ್ಷದ ಪಟ್ಟು ಬೇಕು. ಭಾಷೆ ಕಲಿಯಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ ಇದೆ. ವಿದೇಶದಲ್ಲಿ ಕೆಲಸ ಬೇಕಾದವರಿಗೆ ರಾಜ್ಯ ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಸರ್ಕಾರದಲ್ಲಿ ನೋಂದಾಯಿತ ನೇಮಕಾತಿ ಏಜೆಂಟರು 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಐದು ಲಕ್ಷ ಕೊಡಿ, ದುಬೈಗೆ ಕಳಿಸುತ್ತೇವೆ ಎನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಹೇಗೂ ಇದು ಆರು ವರ್ಷದ ಆಚೆಯ ಮಾತು.

ಶುಲ್ಕಕ್ಕಿಂತಲೂ ಹೆಚ್ಚು ಮುಖ್ಯವಾದದ್ದು ಇನ್ನೂ ಒಂದಿದೆ. ಕಾಲೇಜಿಗೆ ಆಸ್ಪತ್ರೆ ಇದೆಯೇ? ಕಟ್ಟಡ ನೋಡಿ ಮರುಳಾಗಬೇಡಿ. ನರ್ಸಿಂಗ್ ಕಲಿಯುವುದು ಹಾಸಿಗೆಯ ಪಕ್ಕದಲ್ಲಿ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ. ಈಗಿನ ಪಠ್ಯಕ್ರಮದಲ್ಲಿ ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. 22 ವಾರ, ವಾರಕ್ಕೆ 48 ಗಂಟೆ. ಪದವಿ ಕೈಗೆ ಬರಲು ವಾರ್ಡಿನ ಪ್ರತಿ ವಿಭಾಗದಲ್ಲೂ ನೂರಕ್ಕೆ ನೂರು ಹಾಜರಾತಿ ಇರಬೇಕು. ಇಷ್ಟೆಲ್ಲ ಇದ್ದೂ ‘ಬರದಿದ್ದರೂ ಹಾಜರಾತಿ ನೋಡಿಕೊಳ್ಳುತ್ತೇವೆ’ ಎನ್ನುವ ಕಾಲೇಜುಗಳು ಈ ಊರಿನಲ್ಲಿವೆ. ಅಲ್ಲಿ ಕಲಿತವಳ ಕೈಗೆ ಒಂದು ಜೀವವನ್ನು ಒಪ್ಪಿಸಲು ನಾನು ಯಾವತ್ತೂ ಒಪ್ಪಿದವಳಲ್ಲ. ಸಂದರ್ಶನದಲ್ಲಿ ಐದೇ ನಿಮಿಷದಲ್ಲಿ ಅದು ಗೊತ್ತಾಗುತ್ತದೆ.

ಹೇಗೆ ಗೊತ್ತಾಗುತ್ತದೆ ಎಂದು ಹೇಳುತ್ತೇನೆ, ನೀವೂ ಇದೇ ಪರೀಕ್ಷೆ ಮಾಡಬಹುದು. ಸಂದರ್ಶನಕ್ಕೆ ಬಂದವರಿಗೆ ನಾನು ಒಂದು ಡ್ರಿಪ್ ಬಾಟಲಿ ಕೊಡುತ್ತಿದ್ದೆ. ಐನೂರು ಮಿಲಿ ಲೀಟರ್ ದ್ರಾವಣ ಎಂಟು ಗಂಟೆಯಲ್ಲಿ ಹೋಗಬೇಕು, ಈ ಸೆಟ್‌ನಲ್ಲಿ ಒಂದು ಮಿಲಿ ಲೀಟರಿಗೆ ಇಪ್ಪತ್ತು ಹನಿ, ನಿಮಿಷಕ್ಕೆ ಎಷ್ಟು ಹನಿ ಬಿಡುತ್ತೀಯಮ್ಮ? ವಾರ್ಡಿನಲ್ಲಿ ಕಲಿತವಳು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಇಪ್ಪತ್ತೊಂದು ಎಂದು ಹೇಳಿ, ಎಡಗೈಯ ಗಡಿಯಾರ ನೋಡುತ್ತಾ ಬಲಗೈಯಿಂದ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ ಹನಿ ಎಣಿಸತೊಡಗುತ್ತಿದ್ದಳು. ಕೇಳುವ ಮೊದಲೇ ಸೂಜಿ ಹಾಕಿದ ಜಾಗ ಊದಿದೆಯೇ ಎಂದು ಮುಟ್ಟಿ ನೋಡಿದವಳಿದ್ದರೆ ಅವಳನ್ನು ಅಲ್ಲೇ ಆಯ್ಕೆ ಮಾಡುತ್ತಿದ್ದೆ. ಕಾಗದದ ಮೇಲಷ್ಟೇ ಕಲಿತವಳು ಬಾಟಲಿಯನ್ನು ಹಿಡಿಯುವ ರೀತಿಯಲ್ಲೇ ಸಿಕ್ಕಿಬೀಳುತ್ತಿದ್ದಳು. ಮೊದಲ ಸಂಬಳದಲ್ಲಿ ಐದಾರು ಸಾವಿರದ ವ್ಯತ್ಯಾಸ ಹುಟ್ಟುವುದು ಇಲ್ಲೇ.

ಹಾಗಾಗಿ ಯಾವುದೇ ಕಾಲೇಜು ಒಪ್ಪುವ ಮೊದಲು ಮಧ್ಯಾಹ್ನ ತರಗತಿ ಬಿಡುವ ಹೊತ್ತಿಗೆ ಅದರ ಗೇಟಿನ ಬಳಿ ಹೋಗಿ ನಿಲ್ಲಿ. ಮೂರನೆಯ ವರ್ಷದ ಇಬ್ಬರು ಮಕ್ಕಳನ್ನು ಮಾತನಾಡಿಸಿ. ಬೆಳಿಗ್ಗೆ ಯಾವ ಆಸ್ಪತ್ರೆಯ ಯಾವ ವಾರ್ಡಿನಲ್ಲಿದ್ದೆ, ಎಷ್ಟು ರೋಗಿಗಳನ್ನು ನೋಡಿಕೊಂಡೆ, ಎಷ್ಟು ಹೆರಿಗೆ ನೋಡಿದ್ದೀಯ, ನಿನ್ನ ಕೈಯಲ್ಲೇ ಎಷ್ಟು ಮಾಡಿಸಿದ್ದೀಯ ಎಂದು ಕೇಳಿ. ಮಕ್ಕಳು ಸುಳ್ಳು ಹೇಳುವುದಿಲ್ಲ. ಕಾಲೇಜಿನ ಹೆಸರು ಭಾರತೀಯ ಶುಶ್ರೂಷಾ ಪರಿಷತ್ತು, ರಾಜ್ಯ ಪರಿಷತ್ತು, ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಮೂರರ ಪಟ್ಟಿಯಲ್ಲೂ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮುಂದೆ ಬೇರೆ ರಾಜ್ಯಕ್ಕೋ ಹೊರದೇಶಕ್ಕೋ ಹೋಗುವಾಗ ಇದು ದೊಡ್ಡದಾಗಿ ಕಾಡುತ್ತದೆ.

ಕನ್ನಡ ಮಾಧ್ಯಮದಿಂದ ಬಂದವಳು, ಎಲ್ಲ ಇಂಗ್ಲಿಷಿನಲ್ಲಿದೆ, ಹೇಗೆ ಎಂಬ ಭಯ ನಿಮ್ಮ ಪತ್ರದಲ್ಲಿ ಬಾಯಿಬಿಟ್ಟು ಬರೆಯದಿದ್ದರೂ ಕಾಣುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಶರೀರ ರಚನಾಶಾಸ್ತ್ರ ಅವಳನ್ನು ಅಳಿಸುತ್ತದೆ. ಆರು ತಿಂಗಳಲ್ಲಿ ದಾರಿಗೆ ಬರುತ್ತಾಳೆ. ಪಿಯುಸಿ ವಿಜ್ಞಾನದಲ್ಲಿ 71 ತೆಗೆದವಳಿಗೆ ಇದು ಮೀರಿದ್ದಲ್ಲ. ಇನ್ನೊಂದು ಕಡೆಯಿಂದ ನೋಡಿ: ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲೂ ವಾರ್ಡುಗಳಲ್ಲೂ ಕೇರಳದ ಮಕ್ಕಳು ಬಹಳ. ಶ್ರದ್ಧೆಯಿಂದ ದುಡಿಯುತ್ತಾರೆ, ನನ್ನ ಅತ್ಯುತ್ತಮ ಸಹೋದ್ಯೋಗಿಗಳು ಅವರೇ. ಆದರೆ ಕೋಲಾರದಿಂದಲೋ ಪಾವಗಡದಿಂದಲೋ ಬಂದ ಅಜ್ಜಿ ‘ಎದೆಯೊಳಗೆ ಸುಡ್ತದವ್ವ’ ಎಂದಾಗ, ಅದು ಹೊಟ್ಟೆಯ ಉರಿಯೋ ಹೃದಯದ ನೋವೋ ಎಂದು ನಾಲ್ಕು ಮಾತಿನಲ್ಲಿ ಕೇಳಿ ತಿಳಿಯಬಲ್ಲವಳು ವಾರ್ಡಿನಲ್ಲಿ ಒಬ್ಬಳಾದರೂ ಬೇಕು. ಅಂಥವಳ ಬೆಲೆ ಯಾವ ಇನ್‌ಚಾರ್ಜ್‌ಗೂ ಗೊತ್ತಿರುತ್ತದೆ.

ದುಡ್ಡಿನ ಲೆಕ್ಕಕ್ಕೆ ಸಿಗದ ಒಂದು ಖರ್ಚನ್ನೂ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ತಿಂಗಳಿಗೆ ಐದಾರು ರಾತ್ರಿ ಪಾಳಿ ಇರುತ್ತದೆ. ಹಬ್ಬದ ದಿನವೂ ಡ್ಯೂಟಿ ಇರುತ್ತದೆ. ಸೊಂಟ, ಕಾಲು ನೋಯುತ್ತವೆ. ಮದುವೆಯಾದ ಮೇಲೆ ‘ರಾತ್ರಿ ಕೆಲಸ ಬೇಡ’ ಎಂಬ ಮಾತಿಗೆ ನಾಲ್ಕೈದು ವರ್ಷಕ್ಕೇ ಕೆಲಸ ಬಿಟ್ಟ ಹುಡುಗಿಯರನ್ನು ನಾನು ಎಷ್ಟೋ ಕಂಡಿದ್ದೇನೆ. ಸಂಬಳ ಏರತೊಡಗುವ ಹೊತ್ತಿಗೇ ಅವರು ಮನೆ ಸೇರುತ್ತಾರೆ. ಹಾಕಿದ ದುಡ್ಡು ನಿಜವಾಗಿ ಮುಳುಗುವುದು ಅಲ್ಲಿ. ಮಗಳನ್ನು ಈ ಓದಿಗೆ ಕಳಿಸುವುದಾದರೆ, ಮುಂದೆ ಸಂಬಂಧ ನೋಡುವಾಗಲೂ ಅವಳ ಪಾಳಿಯ ಮಾತನ್ನು ಮೊದಲೇ ಆಡುತ್ತೇವೆ ಎಂದು ನೀವೂ ಯಜಮಾನರೂ ಈಗಲೇ ಮನಸ್ಸು ಮಾಡಿ.

ನೀವು ಪತ್ರದ ಕೊನೆಗೆ ಬರೆದ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಹನ್ನೆರಡು ದಿನ ಅಜ್ಜಿಯ ಪಕ್ಕದಲ್ಲಿದ್ದಳು ಎಂದಿರಿ. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡನ್ನು ಹನ್ನೆರಡು ದಿನ ನೋಡಿದ ಮೇಲೂ, ಆ ವಾಸನೆ, ಆ ನರಳಾಟ, ಆ ಸಾವು ಎಲ್ಲ ಕಂಡ ಮೇಲೂ ಇದೇ ಬೇಕು ಎನ್ನುತ್ತಿದ್ದಾಳೆ. ಹೆಚ್ಚಿನ ಮಕ್ಕಳು ಇದನ್ನೆಲ್ಲ ನೋಡದೆಯೇ ಸೇರಿ, ಎರಡನೆಯ ವರ್ಷದಲ್ಲಿ ಬಿಟ್ಟು ಹೋಗುತ್ತಾರೆ. ಅವಳನ್ನು ಕೂರಿಸಿಕೊಂಡು ಆ ಹನ್ನೆರಡು ದಿನದಲ್ಲಿ ನಿನಗೆ ಏನು ಹಿಡಿಸಿತು ಎಂದು ಒಮ್ಮೆ ಕೇಳಿ. ‘ಬಿಳಿ ಕೋಟು’ ಎಂದರೆ ಇನ್ನೊಮ್ಮೆ ಯೋಚಿಸಿ. ಅಜ್ಜಿಗೆ ಮಗ್ಗುಲು ಬದಲಿಸಿದ್ದು, ಬೆನ್ನಿಗೆ ಹಾಸಿಗೆ ಹುಣ್ಣಾಗದಂತೆ ನೋಡಿದ್ದು, ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಬರೆದಿಟ್ಟದ್ದು, ಇಂಥದ್ದೇನಾದರೂ ಬಾಯಿಂದ ಬಂದರೆ ಅವಳನ್ನು ತಡೆಯಬೇಡಿ.

ನಾಳೆಯೇ ಮಲ್ಲೇಶ್ವರಕ್ಕೆ ಹೋಗಿ ಬನ್ನಿ. ಸಿಇಟಿ ರ್‍ಯಾಂಕ್ ಪಟ್ಟಿ, ಪಿಯುಸಿ ಅಂಕಪಟ್ಟಿ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಎಲ್ಲದರ ಎರಡೆರಡು ಪ್ರತಿ ಜೊತೆಯಲ್ಲಿರಲಿ. ಸೀಟು ಹಂಚಿಕೆಯಲ್ಲಿ ಯಾವ ಕಾಲೇಜು ಬಂತೆಂದು ನನಗೆ ಬರೆಯಿರಿ, ಅದರ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ತುಂಬಿದ್ದವು ಎಂಬುದನ್ನೂ ಸೇರಿಸಿ. ಅದನ್ನು ನೋಡಿ ಮುಂದಿನದನ್ನು ಹೇಳುತ್ತೇನೆ.